ಆದಿ, ಚಯ, ಗಚ್ಛ: ಶ್ರೇಢೀಗಣಿತದಲ್ಲಿ ‘ಸಾಕು’ ಎಂಬ ನಿರ್ಣಯ

ಪುಣೆಯ ಲೋಹಗಾಂವ ವಿಮಾನ ನಿಲ್ದಾಣದ ಮಗ್ಗುಲಲ್ಲಿ ಬೆಳೆದು ನಿಂತ ಬಡಾವಣೆಯೇ ವಿಮಾನ ನಗರ. ಉದ್ಯೋಗ ನಿಮಿತ್ತವಾಗಿ ಬೆಳಗಾವಿ, ಧಾರವಾಡ, ವಿಜಯಪುರ, ಕಲಬುರಗಿ, ಮಂಗಳೂರುಗಳಿಂದ ಬಂದು ಇಲ್ಲಿ ನೆಲೆಸಿದ ಕನ್ನಡ ಕುಟುಂಬಗಳಲ್ಲಿ ಇಂದು ಎರಡನೆಯ ತಲೆಮಾರು ಕಾಲೇಜಿನ ಮೆಟ್ಟಿಲೇರಿದೆ. ಬ್ಯಾಂಕಿನ ಅಧಿಕಾರಿ ಹುದ್ದೆಗೋ ವ್ಯವಸ್ಥಾಪನ ಶಾಸ್ತ್ರದ ವ್ಯಾಸಂಗಕ್ಕೋ ಪ್ರವೇಶ ಪರೀಕ್ಷೆ ಬರೆಯುವ ಈ ತರುಣರು ‘ಡಾಟಾ ಸಫಿಶಿಯನ್ಸಿ’ ಎಂಬ ಒಂದು ಬಗೆಯ ಪ್ರಶ್ನೆಯನ್ನು ಬಲ್ಲರು. ಕನ್ನಡದಲ್ಲಿ ಇದನ್ನು ‘ದತ್ತಪರ್ಯಾಪ್ತಿ’ ಎಂದು ಕರೆಯಬಹುದು. ಅಮೆರಿಕದಲ್ಲಿ 1954ರಲ್ಲಿ ಮೊದಲು ನಡೆದು ಇಂದು ‘ಜಿಮ್ಯಾಟ್’ ಎಂದು ಹೆಸರಾಗಿರುವ ಪರೀಕ್ಷೆಯ ಮೂಲಕ ಈ ಮಾದರಿಗೆ ಜಗತ್ತಿನಾದ್ಯಂತ ಪ್ರಚಾರ ದೊರೆತಿದೆ. ಹೀಗಿರಲು ಇದು ಪರದೇಶದಿಂದ ಬಂದ ವಿದ್ಯೆ, ಇಂಗ್ಲಿಷಿನಲ್ಲಿಯೇ ಕಲಿಯತಕ್ಕದ್ದು, ತಮ್ಮ ಮನೆಯ ಮಾತಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಆ ತರುಣರು ಭಾವಿಸಿದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಭಾವನೆ ಎಷ್ಟರ ಮಟ್ಟಿಗೆ ಸರಿ ಎಂಬುದನ್ನು ಪರೀಕ್ಷಿಸುವುದು ಪ್ರಕೃತ ಲೇಖನದ ಉದ್ದೇಶ. ಪರೀಕ್ಷೆಗೆ ಸಮಾಂತರ ಶ್ರೇಢಿಯ ಪ್ರಕರಣವನ್ನು ಆರಿಸಿಕೊಳ್ಳಲಾಗಿದೆ. ಏಕೆಂದರೆ ಆ ಪ್ರಕರಣದಲ್ಲಿ ಯಾವ ಸಂಗತಿಗಳು ತಿಳಿದರೆ ಯಾವ ಸಂಗತಿಯನ್ನು ಹೇಳಬಹುದು ಎಂಬ ವಿಚಾರವು ನಮ್ಮ ದೇಶದಲ್ಲಿ ಒಂದೂವರೆ ಸಾವಿರ ವರ್ಷಗಳ ಹಿಂದೆಯೇ ಆರಂಭವಾಯಿತು. ಮತ್ತು ಅದರ ಒಂದು ಮುಖ್ಯ ಘಟ್ಟವು ಕನ್ನಡನಾಡಿನ ಅರಸನೊಬ್ಬನ ಆಳಿಕೆಗೆ ಸೇರಿದೆ.

1

ಮೊದಲು ಪ್ರಶ್ನೆಯ ಸ್ವರೂಪವನ್ನು ತಿಳಿಯಬೇಕು. ಸಾಧಾರಣ ಲೆಕ್ಕದಲ್ಲಿ ‘ಉತ್ತರವೆಷ್ಟು?’ ಎಂದು ಕೇಳಲಾಗುತ್ತದೆ. ದತ್ತಪರ್ಯಾಪ್ತಿಯಲ್ಲಾದರೋ ಒಂದು ಪ್ರಶ್ನೆಯನ್ನೂ ಅದರ ಕೆಳಗೆ ಎರಡು ಹೇಳಿಕೆಗಳನ್ನೂ ಕೊಟ್ಟು, ‘ಉತ್ತರ ಹೇಳಲು ಇಷ್ಟು ಸಾಕೇ?’ ಎಂದು ಕೇಳಲಾಗುತ್ತದೆ. ಐದು ನಿರ್ಣಯಗಳು ಶಕ್ಯ: ಮೊದಲನೆಯ ಹೇಳಿಕೆ ಮಾತ್ರ ಸಾಕು, ಎರಡನೆಯದು ಮಾತ್ರ ಸಾಕು, ಎರಡೂ ಕೂಡಿದರೆ ಸಾಕು, ಬಿಡಿಯಾಗಿ ಸಾಲವು, ಪ್ರತಿಯೊಂದೂ ತಾನೇ ಸಾಕು, ಎರಡೂ ಕೂಡಿದರೂ ಸಾಲದು. ಲೆಕ್ಕವನ್ನು ಕೊನೆಮುಟ್ಟಿಸುವುದು ಇಲ್ಲಿ ಅವಶ್ಯವಿಲ್ಲ. ಅದು ಕೊನೆಮುಟ್ಟುವುದೇ ಇಲ್ಲವೇ ಎಂಬುದನ್ನು ಕಾಣುವುದೇ ಮುಖ್ಯ.

ಒಂದು ಉದಾಹರಣೆಯನ್ನು ನೋಡೋಣ. ಸಮಾಂತರ ಶ್ರೇಢಿಯೊಂದರ ಮೊದಲ 15 ಪದಗಳ ಮೊತ್ತವೆಷ್ಟು? ಹೇಳಿಕೆ ಒಂದು: ಅದರ 3ನೆಯ ಮತ್ತು 13ನೆಯ ಪದಗಳನ್ನು ಕೂಡಿದರೆ 20. ಹೇಳಿಕೆ ಎರಡು: ಅದರ 8ನೆಯ ಪದ 10. ಇಲ್ಲಿ ಮೊದಲ ಪದವೂ ಗೊತ್ತಿಲ್ಲ, ಪದಪದಕ್ಕೆ ಏರುವ ಪ್ರಮಾಣವೂ ಗೊತ್ತಿಲ್ಲ. ಎರಡು ಅಜ್ಞಾತಗಳಿರುವುದರಿಂದ ಎರಡು ಹೇಳಿಕೆಗಳೂ ಬೇಕೆಂದು ಅವಸರದ ವಿದ್ಯಾರ್ಥಿ ಬರೆದುಬಿಡುತ್ತಾನೆ. ಅದು ತಪ್ಪು. ಹದಿನೈದು ಪದಗಳ ನಡುವಿನದು ಎಂಟನೆಯದು. ಮೂರನೆಯದು ಅದಕ್ಕಿಂತ ಐದು ಹೆಜ್ಜೆ ಹಿಂದೆ, ಹದಿಮೂರನೆಯದು ಐದು ಹೆಜ್ಜೆ ಮುಂದೆ ಇವೆ. ಆದುದರಿಂದ ಅವೆರಡರ ಮೊತ್ತದ ಅರ್ಧವು ಎಂಟನೆಯ ಪದವೇ. ಹಾಗೆ ನೋಡಿದರೆ ಎರಡು ಹೇಳಿಕೆಗಳೂ ಒಂದೇ ಮಾತನ್ನು ಬೇರೆ ಬೇರೆ ಉಡುಪಿನಲ್ಲಿ ಹೇಳುತ್ತಿವೆ. ನಡುವಿನ ಪದ 10, ಪದಗಳು 15, ಮೊತ್ತ 150. ಪ್ರತಿಯೊಂದು ಹೇಳಿಕೆಯೂ ತಾನೇ ಸಾಕು.

ಹೇಳಿಕೆಗಳನ್ನು ಹಾಗೆಯೇ ಇಟ್ಟು ಪ್ರಶ್ನೆಯನ್ನು ಬದಲಿಸಿದರೆ ಏನಾಗುತ್ತದೆ? ‘ಮೊದಲ ಪದವೆಷ್ಟು?’ ಎಂದು ಕೇಳಿದರೆ ಎರಡೂ ಹೇಳಿಕೆಗಳನ್ನು ಕೂಡಿಸಿದರೂ ಉತ್ತರವಿಲ್ಲ. ಮೊದಲ ಪದ 3 ಆಗಿ ಏರಿಕೆ 1 ಆಗಿರಬಹುದು. ಮೊದಲ ಪದ ಋಣ 4 ಆಗಿ ಏರಿಕೆ 2 ಆಗಿರಬಹುದು. ಎರಡರಲ್ಲಿಯೂ ಎಂಟನೆಯ ಪದ ಹತ್ತೇ. ಅವವೇ ದತ್ತಗಳು ಒಂದು ಪ್ರಶ್ನೆಗೆ ಧಾರಾಳವಾದವು, ಇನ್ನೊಂದಕ್ಕೆ ಏನೂ ಸಾಲದವು. ಪರ್ಯಾಪ್ತಿಯೆಂಬುದು ದತ್ತದ ಗುಣವಲ್ಲ. ದತ್ತಕ್ಕೂ ಪ್ರಶ್ನೆಗೂ ಇರುವ ಸಂಬಂಧ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು; ಲೇಖನದ ಕೊನೆಯಲ್ಲಿ ಗಣಿತದ ಹೊರಗೂ ಇದರ ಉಪಯೋಗವಿದೆ.

2

ಪ್ರಾಚೀನರ ಪರಿಭಾಷೆ ಸರಳವಾದುದು. ಮೊದಲ ಪದಕ್ಕೆ ಆದಿ, ಮುಖ ಎಂಬ ಹೆಸರುಗಳು, ಏರಿಕೆಗೆ ಚಯ, ಪ್ರಚಯ, ಉತ್ತರ, ಪದಗಳ ಸಂಖ್ಯೆಗೆ ಗಚ್ಛ ಅಥವಾ ಪದ, ಕೊನೆಯ ಪದಕ್ಕೆ ಅಂತ್ಯಧನ, ನಡುವಿನದಕ್ಕೆ ಮಧ್ಯಧನ, ಒಟ್ಟು ಮೊತ್ತಕ್ಕೆ ಸರ್ವಧನ. ಕರ್ನಾಟಕದ ಶಾಲಾ ಪುಸ್ತಕಗಳು ‘ಸಮಾಂತರ ಶ್ರೇಢಿ’ ಎನ್ನುತ್ತವೆ, ಮಹಾರಾಷ್ಟ್ರದ ಪುಸ್ತಕಗಳು ‘ಅಂಕಗಣಿತೀ ಶ್ರೇಢೀ’ ಎನ್ನುತ್ತವೆ. ಆದಿ, ಚಯ, ಗಚ್ಛಗಳು ಎರಡೂ ಕಡೆ ಮರೆಯಾಗಿದ್ದರೂ ಶ್ರೇಢಿ ಎಂಬ ಮೂಲ ಪದ ಎರಡೂ ಭಾಷೆಗಳಲ್ಲಿ ಉಳಿದುಬಂದಿದೆ.

ಕ್ರಿ.ಶ. 499ರ ಆರ್ಯಭಟೀಯದ ಗಣಿತಪಾದದಲ್ಲಿ ಎರಡು ಆರ್ಯೆಗಳು ಈ ವಿಷಯಕ್ಕೆ ಮೀಸಲಾಗಿವೆ. ಮೊದಲನೆಯದರ ತಾತ್ಪರ್ಯವಿಷ್ಟು: ಗಚ್ಛದಲ್ಲಿ ಒಂದನ್ನು ಕಳೆದು ಅರ್ಧಿಸಿ, ಚಯದಿಂದ ಗುಣಿಸಿ, ಆದಿಯನ್ನು ಕೂಡಿಸಿದರೆ ಮಧ್ಯಧನ, ಅದನ್ನು ಗಚ್ಛದಿಂದ ಗುಣಿಸಿದರೆ ಸರ್ವಧನ, ಅಥವಾ ಆದಿ ಅಂತ್ಯಗಳ ಮೊತ್ತವನ್ನು ಗಚ್ಛದ ಅರ್ಧದಿಂದ ಗುಣಿಸಿದರೂ ಆಯಿತು. ಮೊತ್ತಕ್ಕೆ ಹೋಗುವ ದಾರಿಯು ಮಧ್ಯಧನದ ಮೂಲಕ ಹಾದುಹೋಗುತ್ತದೆಂಬುದು ಇಲ್ಲಿ ಗಮನಾರ್ಹ. ಮೇಲಿನ 15 ಪದಗಳ ಪ್ರಶ್ನೆಯ ಕೀಲಿಕೈ ಇದೇ ಅಲ್ಲವೇ? ಮಧ್ಯವೂ ಗಚ್ಛವೂ ತಿಳಿದ ಮೇಲೆ ಆದಿ ಚಯಗಳನ್ನು ಬಿಡಿಯಾಗಿ ಅರಸಬೇಕಾದ ಕಾರಣವಿಲ್ಲ.

ಎರಡನೆಯ ಆರ್ಯೆ ವಿಲೋಮವಾದ ಪ್ರಶ್ನೆಯನ್ನು ಎತ್ತಿಕೊಳ್ಳುತ್ತದೆ. ಆದಿ, ಚಯ, ಸರ್ವಧನ ತಿಳಿದಿರುವಾಗ ಗಚ್ಛವನ್ನು ಕಾಣುವುದು ಹೇಗೆ? ಸರ್ವಧನವನ್ನು ಎಂಟರಿಂದಲೂ ಚಯದಿಂದಲೂ ಗುಣಿಸಿ, ಇಮ್ಮಡಿ ಆದಿಯಲ್ಲಿ ಚಯವನ್ನು ಕಳೆದುದರ ವರ್ಗವನ್ನು ಕೂಡಿಸಿ, ವರ್ಗಮೂಲವನ್ನು ತೆಗೆದು, ಅದರಲ್ಲಿ ಇಮ್ಮಡಿ ಆದಿಯನ್ನು ಕಳೆದು, ಚಯದಿಂದ ಭಾಗಿಸಿ, ಒಂದನ್ನು ಕೂಡಿಸಿ ಅರ್ಧಿಸಬೇಕು. ಇದು ವರ್ಗ ಸಮೀಕರಣದ ಪರಿಹಾರವೇ ಆಗಿದೆ. ಉತ್ತರಕ್ಕಾಗಿ ದತ್ತದಿಂದ ಮುಂದಕ್ಕೆ ಸಾಗುವುದು ಮಾತ್ರವಲ್ಲದೆ, ಉತ್ತರವನ್ನೇ ದತ್ತವಾಗಿಸಿ ಹಿಂದಕ್ಕೆ ಬರುವ ದೃಷ್ಟಿ ಆಗಲೇ ಮೂಡಿತ್ತೆಂಬುದಕ್ಕೆ ಇದು ಸಾಕ್ಷಿ.

3

ಈ ದೃಷ್ಟಿಯನ್ನು ವಿಸ್ತಾರವಾಗಿ ಬೆಳೆಸಿದವನು ಗಣಿತಸಾರಸಂಗ್ರಹದ ಕರ್ತೃ ಮಹಾವೀರಾಚಾರ್ಯ. ಗ್ರಂಥಾರಂಭದಲ್ಲಿ ಆತನು ಅಮೋಘವರ್ಷ ನೃಪತುಂಗನನ್ನು ಸ್ತುತಿಸಿದ್ದಾನೆ. ಮಾನ್ಯಖೇಟ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ 814ರಿಂದ 878ರವರೆಗೆ ರಾಜ್ಯವಾಳಿದ ಈ ರಾಷ್ಟ್ರಕೂಟ ಚಕ್ರವರ್ತಿಯ ಹೆಸರು ಕನ್ನಡಿಗರಿಗೆ ಕವಿರಾಜಮಾರ್ಗದ ಮೂಲಕ ಚಿರಪರಿಚಿತವಾದುದು. ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡ ಲಕ್ಷಣಗ್ರಂಥವೊಂದು ತನ್ನದೆಂದು ಕಂಡ ಅದೇ ಆಳಿಕೆಯ ಕಾಲದಲ್ಲಿ ಈ ಸಂಸ್ಕೃತ ಗಣಿತಗ್ರಂಥವೂ ಸಿದ್ಧವಾಯಿತು.

ಮಹಾವೀರನು ಎಣಿಸುವ ಎಂಟು ಪರಿಕರ್ಮಗಳಲ್ಲಿ ಒಂದು ವಿಶೇಷವಿದೆ. ಗುಣಾಕಾರ, ಭಾಗಾಕಾರ, ವರ್ಗ, ವರ್ಗಮೂಲ, ಘನ, ಘನಮೂಲಗಳ ಬಳಿಕ ಉಳಿದೆರಡು ಸ್ಥಾನಗಳಲ್ಲಿ ಸಾಧಾರಣ ಕೂಡುವಿಕೆ ಕಳೆಯುವಿಕೆಗಳನ್ನು ಆತನು ಇಡುವುದಿಲ್ಲ. ಅಲ್ಲಿರುವವು ಸಂಕಲಿತ, ವ್ಯುತ್ಕಲಿತಗಳು: ಶ್ರೇಢಿಯ ಪದಗಳನ್ನು ಒಟ್ಟುಗೂಡಿಸುವುದು, ಮತ್ತು ಶ್ರೇಢಿಯ ಮೊದಲಿನ ಕೆಲವು ಪದಗಳನ್ನು ಬಿಟ್ಟು ಉಳಿದುದರ ಮೊತ್ತವನ್ನು ಕಾಣುವುದು. ಶ್ರೇಢಿಯು ಆತನಿಗೆ ಮೂಲಕ್ರಿಯೆಗಳ ಸಾಲಿಗೆ ಸೇರಿದ ವಿಷಯವಾಗಿತ್ತು.

ಸರ್ವಧನವನ್ನು ಮಹಾವೀರನು ಎರಡು ಪಾಲಾಗಿ ಒಡೆಯುತ್ತಾನೆ. ಆದಿಯನ್ನು ಗಚ್ಛದಿಂದ ಗುಣಿಸಿದುದು ಆದಿಧನ. ಒಂದು ಕಡಿಮೆ ಮಾಡಿದ ಗಚ್ಛದ ಅರ್ಧವನ್ನು ಗಚ್ಛದಿಂದಲೂ ಚಯದಿಂದಲೂ ಗುಣಿಸಿದುದು ಉತ್ತರಧನ. ಎರಡೂ ಕೂಡಿದರೆ ಸರ್ವಧನ. ಈ ವಿಭಾಗದ ಪ್ರಯೋಜನ ಬಹಳ. ಸರ್ವಧನದಿಂದ ಉತ್ತರಧನವನ್ನು ತೆಗೆದರೆ ಆದಿ ಕೈಗೆ ಬರುತ್ತದೆ. ಆದಿಧನವನ್ನು ತೆಗೆದರೆ ಚಯ ಕೈಗೆ ಬರುತ್ತದೆ. ಯಾವುದು ಗೊತ್ತಿದ್ದರೆ ಯಾವುದನ್ನು ಹೇಳಬಹುದು ಎಂಬ ನಕ್ಷೆ ಇಲ್ಲಿ ಕಣ್ಣಿಗೆ ಕಟ್ಟುತ್ತದೆ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಆತನು ಮಿಶ್ರಧನದ ಪ್ರಶ್ನೆಗಳನ್ನು ಕೇಳುತ್ತಾನೆ. ಶ್ರೇಢಿಯ ಸರ್ವಧನವನ್ನು ಬಿಡಿಯಾಗಿ ಕೊಡದೆ, ಅದರೊಡನೆ ಆದಿಯನ್ನೋ ಚಯವನ್ನೋ ಗಚ್ಛವನ್ನೋ ಬೆರೆಸಿ ಕೊಟ್ಟರೆ ಬೆರಕೆಯನ್ನು ಬೇರ್ಪಡಿಸುವುದು ಹೇಗೆ? ಆತನ ಉದಾಹರಣೆಯಲ್ಲಿ ನಲವತ್ತಕ್ಕೆ ಕ್ರಮವಾಗಿ ಎರಡು, ಮೂರು, ಐದು, ಹತ್ತು ಕೂಡಿ 42, 43, 45, 50 ಎಂಬ ನಾಲ್ಕು ಮಿಶ್ರಗಳಾಗುತ್ತವೆ. ಹಿಂದಿರುವ ಶ್ರೇಢಿ 2, 5, 8, 11, 14. ಆದಿ 2, ಚಯ 3, ಗಚ್ಛ 5, ಸರ್ವಧನ 40.

ಆದಿ ಬೆರೆತ 42 ಕೊಟ್ಟು, ಚಯ 3, ಗಚ್ಛ 5 ಎಂದರೆ ಉತ್ತರಧನ 30. ಉಳಿದ 12ರಲ್ಲಿ ಐದು ಆದಿಗಳು ಶ್ರೇಢಿಯವು, ಒಂದು ಬೆರಕೆಯದು. ಆರರಿಂದ ಭಾಗಿಸಿದರೆ ಆದಿ 2. ಚಯ ಬೆರೆತ 43ರಲ್ಲಿ ಆದಿಧನ 10ನ್ನು ಕಳೆದರೆ 33, ಅದರಲ್ಲಿ ಹನ್ನೊಂದು ಚಯಗಳಿವೆ, ಚಯ 3. ಗಚ್ಛ ಬೆರೆತ 45ರಲ್ಲಿ ಪ್ರಶ್ನೆ ವರ್ಗ ಸಮೀಕರಣಕ್ಕೆ ತಿರುಗುತ್ತದೆ: ಗಚ್ಛದ ವರ್ಗಕ್ಕೆ ಗಚ್ಛವನ್ನು ಕೂಡಿಸಿದರೆ 30, ಆದುದರಿಂದ ಗಚ್ಛ 5. ಈ ಮೂರರಲ್ಲಿಯೂ ಸಿಗುವ ದತ್ತ ಬೆರಕೆಯದಾದರೂ, ಉಳಿದೆರಡು ಅಂಗಗಳು ತಿಳಿದಿದ್ದರೆ ಅದು ಸಾಕು.

ನಾಲ್ಕನೆಯದಾದ 50ರ ಸ್ಥಿತಿ ಬೇರೆ. ಅಲ್ಲಿ ಆದಿ, ಚಯ, ಗಚ್ಛ, ಸರ್ವಧನ ನಾಲ್ಕೂ ಬೆರೆತಿವೆ. ಈ ಒಂದು ಸಂಖ್ಯೆಯಿಂದ 2, 3, 5 ಎಂದು ನಿರ್ಧರಿಸಬಹುದೇ? ಪರೀಕ್ಷಿಸಿದರೆ ಸಾಧ್ಯವಿಲ್ಲವೆಂದು ತಿಳಿಯುತ್ತದೆ. ಆದಿ 5, ಚಯ 3, ಗಚ್ಛ 4 ಆದರೆ ಸರ್ವಧನ 38. ಎಲ್ಲವೂ ಕೂಡಿ 50. ಆದಿ 4, ಚಯ 1, ಗಚ್ಛ 6 ಆದರೆ ಸರ್ವಧನ 39. ಅದೂ ಕೂಡಿ 50. ಆದುದರಿಂದ ಇಲ್ಲಿ ಏನನ್ನಾದರೂ ಹೊರಗಿನಿಂದ ಇಟ್ಟುಕೊಳ್ಳಲೇಬೇಕು. ಗಚ್ಛ 5 ಎಂದು ಇಟ್ಟುಕೊಂಡರೆ ಆರು ಆದಿಗಳೂ ಹನ್ನೊಂದು ಚಯಗಳೂ ಸೇರಿ 45 ಆಗಬೇಕು. ಧನ ಪೂರ್ಣಾಂಕಗಳಲ್ಲಿ ಇದಕ್ಕೆ 2 ಮತ್ತು 3 ಎಂಬ ಒಂದೇ ಪರಿಹಾರವಿದೆ. ‘ಪೂರ್ಣಾಂಕ’ ಎಂಬ ಒಂದು ನಿಬಂಧನೆಯೇ ಇಲ್ಲಿ ದತ್ತದ ಕೊರತೆಯನ್ನು ತುಂಬಿಕೊಡುತ್ತದೆ. ಇಂದಿನ ಪರೀಕ್ಷಾರ್ಥಿಗಳು ಎಡವುವುದೂ ಇಂಥಲ್ಲಿಯೇ.

ಮಹಾವೀರನು ಎತ್ತಿರುವ ಇನ್ನೊಂದು ಪ್ರಶ್ನೆಯೂ ಇದೇ ಜಾತಿಯದು. ಎರಡು ಶ್ರೇಢಿಗಳಿವೆ, ಒಂದರ ಆದಿಯೇ ಇನ್ನೊಂದರ ಚಯ, ಒಂದರ ಚಯವೇ ಇನ್ನೊಂದರ ಆದಿ, ಅವುಗಳ ಸರ್ವಧನಗಳು ಸಮನಾಗಿರಬೇಕು, ಅಥವಾ ಒಂದು ಇನ್ನೊಂದರ ಇಮ್ಮಡಿಯೋ ಅರ್ಧವೋ ಆಗಿರಬೇಕು. ಗಚ್ಛಗಳು 5 ಮತ್ತು 8 ಎಂದೂ ಸರ್ವಧನಗಳು ಸಮವೆಂದೂ ಇಟ್ಟುಕೊಂಡರೆ, 2ರಿಂದ ಆರಂಭಿಸಿ 23ರಂತೆ ಏರುವ ಐದು ಪದಗಳ ಮೊತ್ತ 240. 23ರಿಂದ ಆರಂಭಿಸಿ 2ರಂತೆ ಏರುವ ಎಂಟು ಪದಗಳ ಮೊತ್ತವೂ 240. ಆದರೆ 4 ಮತ್ತು 46 ಇಟ್ಟರೂ ಇದೇ ಸಮತ್ವ ಬರುತ್ತದೆ. ದತ್ತವು ಆದಿ ಚಯಗಳ ಪ್ರಮಾಣವನ್ನು ಗೊತ್ತುಪಡಿಸಲು ಸಾಕು, ಬೆಲೆಯನ್ನು ಗೊತ್ತುಪಡಿಸಲು ಸಾಲದು.

4

ಮಹಾವೀರನಿಂದ ಸುಮಾರು ಮೂರು ಶತಮಾನಗಳ ಬಳಿಕ, 1150ರ ಸುಮಾರಿನಲ್ಲಿ, ಎರಡನೆಯ ಭಾಸ್ಕರಾಚಾರ್ಯನ ಲೀಲಾವತಿಯಲ್ಲಿ ಶ್ರೇಢೀವ್ಯವಹಾರವು ಅಚ್ಚುಕಟ್ಟಾದ ರೂಪ ಪಡೆಯಿತು. ಶತ್ರುವಿನ ಆನೆಗಳನ್ನು ಹಿಡಿಯಹೊರಟ ಅರಸನು ಮೊದಲ ದಿನ ಎರಡು ಯೋಜನ ನಡೆದು, ದಿನದಿನಕ್ಕೆ ಸಮನಾಗಿ ವೇಗ ಹೆಚ್ಚಿಸುತ್ತ, ಏಳು ದಿನಗಳಲ್ಲಿ ಎಂಬತ್ತು ಯೋಜನ ಮುಟ್ಟಿದನು, ದಿನದ ಹೆಚ್ಚಳವೆಷ್ಟು? ಆದಿಧನ 14, ಉಳಿದ 66ರಲ್ಲಿ ಇಪ್ಪತ್ತೊಂದು ಚಯಗಳು, ಚಯವು ಏಳರಲ್ಲಿ ಇಪ್ಪತ್ತೆರಡು ಪಾಲು. ಇನ್ನೊಬ್ಬ ದಾನಿಯು ಮೊದಲ ದಿನ ಮೂರು ದ್ರಮ್ಮ ಕೊಟ್ಟು ಪ್ರತಿದಿನ ಎರಡರಂತೆ ಏರಿಸಿ ಒಟ್ಟು 360 ದ್ರಮ್ಮ ಕೊಟ್ಟನು, ಎಷ್ಟು ದಿನ? ಆರ್ಯಭಟನ ಸೂತ್ರವನ್ನೇ ಹಿಡಿದರೆ 360ನ್ನು ಎಂಟರಿಂದಲೂ ಎರಡರಿಂದಲೂ ಗುಣಿಸಿ 5760, ಅದಕ್ಕೆ 16 ಕೂಡಿಸಿ 5776, ಮೂಲ 76, ಆರನ್ನು ಕಳೆದು 70, ಅರ್ಧಿಸಿ 35, ಒಂದು ಕೂಡಿ 36, ಅದರ ಅರ್ಧ 18 ದಿನಗಳು.

ಈಗ ಒಟ್ಟಾರೆ ವಿಚಾರಿಸಬಹುದು. ಆದಿ, ಚಯ, ಗಚ್ಛ, ಅಂತ್ಯ, ಸರ್ವಧನ ಎಂಬ ಐದು ಅಂಗಗಳ ನಡುವೆ ಎರಡು ಸಂಬಂಧಗಳಿವೆ. ಆದುದರಿಂದ ಸಾಮಾನ್ಯವಾಗಿ ಯಾವ ಮೂರು ತಿಳಿದರೂ ಉಳಿದೆರಡು ತಿಳಿಯುತ್ತವೆ. ಐದರಲ್ಲಿ ಮೂರನ್ನು ಹತ್ತು ಬಗೆಯಾಗಿ ಆರಿಸಬಹುದು. ಅವುಗಳಲ್ಲಿ ಎಂಟು ಬಗೆಗಳಲ್ಲಿ ಲೆಕ್ಕವು ವರ್ಗಮೂಲವಿಲ್ಲದೆ ಮುಗಿಯುತ್ತದೆ. ಚಯವೂ ಸರ್ವಧನವೂ ಕೊಡಲ್ಪಟ್ಟು, ಅವುಗಳ ಜೊತೆಗೆ ಆದಿಯೋ ಅಂತ್ಯವೋ ಕೊಡಲ್ಪಟ್ಟ ಎರಡು ಬಗೆಗಳಲ್ಲಿ ಮಾತ್ರ ವರ್ಗ ಸಮೀಕರಣ ಎದುರಾಗುತ್ತದೆ. ಮೂಲಗಳು ಎರಡಿರುವುದರಿಂದ ಮೂರು ದತ್ತಗಳಿದ್ದರೂ ಸಾಲದೆ ಹೋಗುವ ಅಪಾಯ ಮುಖ್ಯವಾಗಿ ಇಲ್ಲಿದೆ.

ದಾನಿಯ ಲೆಕ್ಕದಲ್ಲಿ ಇನ್ನೊಂದು ಮೂಲ ಋಣ 20. ದಿನಗಳ ಸಂಖ್ಯೆ ಋಣವಾಗಲಾರದು. ಅದನ್ನು ಬಿಟ್ಟರೆ ಉತ್ತರ ಒಂದೇ. ಆದರೆ ಆದಿ 12, ಚಯ ಋಣ 2, ಸರ್ವಧನ 40 ಎಂದು ಕೊಟ್ಟರೆ? 12, 10, 8, 6, 4 ಕೂಡಿ 40. ಮುಂದಿನ 2, 0, ಋಣ 2 ಎಂಬ ಮೂರನ್ನು ಕೂಡಿಸಿದರೂ 40. ಗಚ್ಛ 5 ಆಗಬಹುದು, 8 ಆಗಬಹುದು; ಎರಡೂ ಗಣಿತದ ಮಟ್ಟಿಗೆ ನಿರ್ದುಷ್ಟ. ಈ ಸಂಖ್ಯೆಗಳು ಸಾಲದ ಕಂತುಗಳೆಂದು ಪ್ರಶ್ನೆಯಲ್ಲಿ ಹೇಳಿದ್ದರೆ ಋಣ ಕಂತು ಅಸಂಬದ್ಧವಾದುದರಿಂದ 5 ಒಂದೇ ಉಳಿಯುತ್ತದೆ. ಭಾಸ್ಕರನು ಬೀಜಗಣಿತದಲ್ಲಿ ಇಂಥ ಸಂದರ್ಭವನ್ನು ಕಂಡಿದ್ದಾನೆ. ಕಪಿಗಳ ಹಿಂಡಿನ ಐದನೆಯ ಒಂದು ಪಾಲಿನಲ್ಲಿ ಮೂರನ್ನು ಕಳೆದುದರ ವರ್ಗದಷ್ಟು ಕಪಿಗಳು ಗುಹೆಯನ್ನು ಹೊಕ್ಕು ಒಂದು ಮಾತ್ರ ಹೊರಗೆ ಉಳಿದ ಲೆಕ್ಕದಲ್ಲಿ 50 ಮತ್ತು 5 ಎಂಬ ಎರಡು ಉತ್ತರಗಳು ಬರುತ್ತವೆ. ಐದರ ಐದನೆಯ ಪಾಲಾದ ಒಂದರಲ್ಲಿ ಮೂರನ್ನು ಕಳೆಯುವುದು ಲೋಕಕ್ಕೆ ಒಪ್ಪುವ ಮಾತಲ್ಲವೆಂದು ಎರಡನೆಯದನ್ನು ಆತನು ಸ್ವೀಕರಿಸುವುದಿಲ್ಲ. ಪ್ರಶ್ನೆಯ ಅರ್ಥವೂ ಒಂದು ದತ್ತವೆಂಬುದು ಇದರ ಸಾರ.

ಮೂರಕ್ಕಿಂತ ಕಡಿಮೆ ದತ್ತಗಳು ಸಾಕಾಗುವ ಸಂದರ್ಭಗಳೂ ಉಂಟು. ಬ್ಯಾಂಕಿನ ವ್ಯವಹಾರದಿಂದಲೇ ಒಂದನ್ನು ತೆಗೆದುಕೊಳ್ಳಬಹುದು. 1,20,000 ರೂಪಾಯಿ ಸಾಲ. ಅಸಲನ್ನು ತಿಂಗಳಿಗೆ 10,000ದಂತೆ ಹನ್ನೆರಡು ಸಮ ಕಂತುಗಳಲ್ಲಿ ತೀರಿಸಬೇಕು. ಉಳಿದ ಅಸಲಿನ ಮೇಲೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಮೊದಲ ತಿಂಗಳ ಬಡ್ಡಿ 1,200, ಎರಡನೆಯದು 1,100. ಹೀಗೆ ಇಳಿದು ಕೊನೆಯದು 100. ಒಟ್ಟು ಬಡ್ಡಿ 7,800. ಇಲ್ಲಿ ಮೊದಲ ತಿಂಗಳ ಬಡ್ಡಿಯನ್ನೂ ಕಂತುಗಳ ಸಂಖ್ಯೆಯನ್ನೂ ಮಾತ್ರ ಹೇಳಿ, ಅಸಲನ್ನೂ ಬಡ್ಡಿಯ ದರವನ್ನೂ ಮುಚ್ಚಿಟ್ಟರೂ ಒಟ್ಟು ಬಡ್ಡಿಯನ್ನು ಹೇಳಬಹುದು. ಅಸಲು ಸಮ ಕಂತುಗಳಲ್ಲಿ ಪೂರ್ತಿ ತೀರುವುದರಿಂದ ಇಳಿಕೆಯ ಪ್ರಮಾಣವು ಮೊದಲ ಬಡ್ಡಿಯ ಹನ್ನೆರಡನೆಯ ಒಂದು ಪಾಲಾಗಿರಲೇಬೇಕು. ಮೂರನೆಯ ದತ್ತವು ಸಾಲದ ಕರಾರಿನಲ್ಲಿಯೇ ಅಡಗಿದೆ. ಹೇಳಿಕೆಗಳನ್ನು ಎಣಿಸಿ ತೀರ್ಮಾನ ಮಾಡುವವನು ಇದನ್ನು ಕಾಣಲಾರನು. ವ್ಯವಹಾರವನ್ನು ಬಲ್ಲವನು ಕಾಣುತ್ತಾನೆ. ಬಡ್ಡಿ, ಕಂತು, ಬೆರಕೆಗಳ ಲೆಕ್ಕಗಳಿಗೆ ಮಹಾವೀರನು ‘ಮಿಶ್ರಕವ್ಯವಹಾರ’ವೆಂಬ ಪ್ರತ್ಯೇಕ ಅಧ್ಯಾಯವನ್ನೇ ಮೀಸಲಿಟ್ಟಿದ್ದುದು ಇಲ್ಲಿ ಸ್ಮರಣೀಯ.

5

ಈ ವಿದ್ಯೆಯು ಕನ್ನಡ ಮಾತಿನಲ್ಲಿ ಎಂದಾದರೂ ನಡೆಯಿತೇ ಎಂಬ ಪ್ರಶ್ನೆ ಸಹಜ. 12ನೆಯ ಶತಮಾನದ ಜೈನಕವಿ ರಾಜಾದಿತ್ಯನು ಅದಕ್ಕೆ ಉತ್ತರ. ವ್ಯವಹಾರಗಣಿತ, ಕ್ಷೇತ್ರಗಣಿತ, ಚಿತ್ರಹಸುಗೆ, ಲೀಲಾವತಿ ಮೊದಲಾದ ಗ್ರಂಥಗಳು ಈತನ ಹೆಸರಿನಲ್ಲಿವೆ. ಸೂತ್ರವನ್ನು ಹೇಳಿ, ಅದನ್ನು ವಿವರಿಸಿ, ಉದಾಹರಣೆ ಕೊಟ್ಟು ಕನ್ನಡದಲ್ಲಿಯೇ ಗಣಿತವನ್ನು ಬೋಧಿಸಿದವರಲ್ಲಿ ನಮಗೆ ದೊರೆತಿರುವ ಮಟ್ಟಿಗೆ ಈತನೇ ಮೊದಲಿಗ. ಇದಕ್ಕೆ ಹಿಂದಿನ ಶತಮಾನದಲ್ಲಿಯೇ ಪಾವುಲೂರಿ ಮಲ್ಲನನು ಮಹಾವೀರನ ಗ್ರಂಥವನ್ನು ತೆಲುಗಿಗೆ ತಂದಿದ್ದನು. ಗಣಿತವನ್ನು ಸಂಸ್ಕೃತದಿಂದ ನಾಡನುಡಿಗೆ ಇಳಿಸುವ ಒಂದು ಪ್ರವಾಹವೇ ದಕ್ಷಿಣದಲ್ಲಿ ಹರಿದಿತ್ತೆಂದು ಇದರಿಂದ ತಿಳಿಯುತ್ತದೆ.

ಮಹಾವೀರನ ಗ್ರಂಥ ಉಳಿದುದಾದರೂ ಹೇಗೆ? ಕನ್ನಡ ಲಿಪಿಯ ಓಲೆಗಳಲ್ಲಿಯೂ ಕನ್ನಡ ಟೀಕೆಯೊಡನೆಯೂ ಅದು ಉಳಿದು ಬಂದಿತು. ಮದರಾಸಿನ ಎಂ. ರಂಗಾಚಾರ್ಯರು 1912ರಲ್ಲಿ ಇಂಗ್ಲಿಷ್ ಅನುವಾದದೊಡನೆ ಅದನ್ನು ಅಚ್ಚುಹಾಕಿಸಿದಾಗ ಅಮೆರಿಕದ ಗಣಿತೇತಿಹಾಸಕಾರ ಡೇವಿಡ್ ಯೂಜೀನ್ ಸ್ಮಿತ್ ಮುನ್ನುಡಿ ಬರೆದರು. ಪದ್ಮಾವತಮ್ಮನವರ ಕನ್ನಡ ಅನುವಾದ ಸಹಿತವಾದ ಆವೃತ್ತಿಯು ಹೊಂಬುಜದಿಂದ 2000ದಲ್ಲಿ ಪ್ರಕಟವಾಯಿತು. ನೃಪತುಂಗನ ಕಾಲದ ಗ್ರಂಥವು ಇಂಗ್ಲಿಷ್ ಅನುವಾದವನ್ನು ಕಂಡ 88 ವರ್ಷಗಳ ಮೇಲೆ ಈ ಆವೃತ್ತಿ ಬಂದಿತೆಂಬುದು ಹೆಮ್ಮೆಯೊಡನೆ ಲಜ್ಜೆಯನ್ನೂ ತರುವ ಸಂಗತಿ. ಪುಣೆಯಾದರೋ ಈ ವಿಷಯದಲ್ಲಿ ಮುಂದಿತ್ತು. ಶಂಕರ ಬಾಳಕೃಷ್ಣ ದೀಕ್ಷಿತರ ಭಾರತೀಯ ಜ್ಯೋತಿಷಶಾಸ್ತ್ರದ ಇತಿಹಾಸವು ಮರಾಠಿಯಲ್ಲಿ 1896ರಲ್ಲಿಯೇ ಇಲ್ಲಿ ಹೊರಬಂದಿತು. ಆನಂದಾಶ್ರಮವು 1937ರಲ್ಲಿ ಲೀಲಾವತಿಯನ್ನು ಟೀಕೆಗಳ ಸಹಿತ ಪ್ರಕಟಿಸಿತು. ವಿಮಾನ ನಗರದ ಕನ್ನಡ ತರುಣನು ತನ್ನ ಪ್ರಶ್ನೆಪತ್ರಿಕೆಯ ಪೂರ್ವೇತಿಹಾಸವನ್ನು ಅರಸಿ ದೂರ ಹೋಗಬೇಕಾಗಿಲ್ಲ. ನದಿ ದಾಟಿ ಹಳೆಯ ಪೇಟೆಗೆ ಬಂದರೆ ಸಾಕು.

6

ಇಷ್ಟು ಹೇಳಿದ ಮೇಲೆ ಒಂದು ಎಚ್ಚರಿಕೆ ಅವಶ್ಯ. ನಮ್ಮ ಹೊರನಾಡು ಸಭೆಗಳಲ್ಲಿ ಮಹಾವೀರನನ್ನು ‘ನಮ್ಮ ಕನ್ನಡಿಗ’ ಎಂದು, ಭಾಸ್ಕರನನ್ನು ‘ನಮ್ಮ ವಿಜಯಪುರದವನು’ ಎಂದು ಘೋಷಿಸುವುದು ರೂಢಿಯಾಗಿದೆ. ಗಣಿತಜ್ಞರ ವಿಷಯದಲ್ಲಿ ಮಾತನಾಡುವಾಗಲಾದರೂ ಅವರ ಶಿಸ್ತನ್ನು ಪಾಲಿಸುವುದು ಉಚಿತ. ದತ್ತ ಸಾಕೇ?

ಮಹಾವೀರನ ವಿಷಯದಲ್ಲಿ ದತ್ತವೆಂದರೆ ಆತನ ಗ್ರಂಥದಲ್ಲಿಯ ಅಮೋಘವರ್ಷ ಸ್ತುತಿ ಮತ್ತು ಜಿನವಂದನೆ. ‘ಯಾವ ಕಾಲದವನು?’ ಎಂಬ ಪ್ರಶ್ನೆಗೆ ಇದು ಸಾಕು: 9ನೆಯ ಶತಮಾನ. ‘ಯಾವ ಮತದವನು?’ ಎಂಬುದಕ್ಕೂ ಸಾಕು. ‘ಎಲ್ಲಿ ಹುಟ್ಟಿದವನು? ಯಾವ ಮನೆಮಾತಿನವನು?’ ಎಂಬುದಕ್ಕೆ ಸಾಲದು. ರಾಷ್ಟ್ರಕೂಟ ಸಾಮ್ರಾಜ್ಯ ವಿಶಾಲವಾಗಿತ್ತು. ಅದರ ಚಕ್ರವರ್ತಿಯನ್ನು ಹೊಗಳಿದವರೆಲ್ಲರ ಮನೆಯಲ್ಲಿ ಕನ್ನಡವೇ ಇತ್ತೆಂದು ಹೇಳಲಾಗದು. ಆತನು ಕನ್ನಡ ಅರಸನ ಆಶ್ರಯಕಾಲದ ಗಣಿತಜ್ಞ, ಆತನ ಗ್ರಂಥವನ್ನು ಕಾಪಾಡಿದವರಲ್ಲಿ ಕನ್ನಡಿಗರು ಪ್ರಮುಖರು ಎಂಬಿಷ್ಟು ಸಿದ್ಧವಾದ ಮಾತು. ಅದೇನೂ ಕಡಿಮೆಯದಲ್ಲ.

ಭಾಸ್ಕರನ ವಿಷಯದಲ್ಲಿ ದತ್ತಗಳು ಎರಡು. ಒಂದು, ಆತನೇ ಹೇಳಿಕೊಂಡಂತೆ ಶಕ 1036ರಲ್ಲಿ, ಎಂದರೆ 1114ರಲ್ಲಿ ಹುಟ್ಟಿದವನು. ಸಹ್ಯಾದ್ರಿಯ ಸಮೀಪದ ವಿಜ್ಜಡವಿಡವು ಆತನ ಊರು. ಎರಡು, ಜಳಗಾಂವ ಜಿಲ್ಲೆಯ ಚಾಳೀಸಗಾಂವದ ಬಳಿಯ ಪಾಟಣದ ಶಾಸನ. ಭಾಸ್ಕರನ ಮಗ ಲಕ್ಷ್ಮೀಧರನು ಯಾದವ ಜೈತ್ರಪಾಲನ ಆಸ್ಥಾನದಲ್ಲಿದ್ದನೆಂದೂ, ಮೊಮ್ಮಗ ಚಂಗದೇವನು ಸಿಂಘಣನ ಜ್ಯೋತಿಷಿಯಾಗಿ ಭಾಸ್ಕರನ ಗ್ರಂಥಗಳ ಅಧ್ಯಯನಕ್ಕಾಗಿ ಮಠವನ್ನು ಸ್ಥಾಪಿಸಿದನೆಂದೂ, ನಿಕುಂಭ ವಂಶದ ಸೋಯಿದೇವನು 1207ರ ಸುಮಾರಿನಲ್ಲಿ ಅದಕ್ಕೆ ದತ್ತಿ ಬಿಟ್ಟನೆಂದೂ ಅದು ತಿಳಿಸುತ್ತದೆ.

ವಿಜ್ಜಡವಿಡವೇ ವಿಜಯಪುರವೆಂಬ ವಾದಕ್ಕೆ ಹೆಸರಿನ ಸಾಮ್ಯವು ಆಧಾರ. ಆದರೆ ವಿಜಯಪುರ ಸಹ್ಯಾದ್ರಿಯಿಂದ ಬಹುದೂರದ ಬಯಲುನಾಡಿನಲ್ಲಿದೆ. ಪಾಟಣದ ಕಡೆಯೇ ಆತನ ಊರೆಂಬ ವಾದಕ್ಕೆ ಶಾಸನವು ಆಧಾರ; ಆದರೆ ಅದು ಮಗ ಮೊಮ್ಮಕ್ಕಳ ನೆಲೆಯನ್ನು ಹೇಳುತ್ತದೆಯೇ ಹೊರತು ಅಜ್ಜನ ಜನ್ಮಸ್ಥಳವನ್ನಲ್ಲ. ಸಹ್ಯಪರ್ವತದ ಮಾತನ್ನೂ ಶಾಸನವನ್ನೂ ಕೂಡಿಸಿ ತೂಗಿದರೆ ತಕ್ಕಡಿ ಉತ್ತರದ ಕಡೆಗೆ, ಮಹಾರಾಷ್ಟ್ರದ ಕಡೆಗೆ ಹೆಚ್ಚು ವಾಲುತ್ತದೆಂದು ಪ್ರಾಮಾಣಿಕವಾಗಿ ಒಪ್ಪಬೇಕು. ವಾಲುವುದು ಬೇರೆ, ನಿರ್ಣಯವಾಗುವುದು ಬೇರೆ. ಶ್ರೇಢಿಯ ಮಾತಿನಲ್ಲಿ ಹೇಳುವುದಾದರೆ ಅಂತ್ಯಧನ ಮಾತ್ರ ನಮ್ಮ ಕೈಯಲ್ಲಿದೆ. ಚಯವೂ ಗಚ್ಛವೂ ತಿಳಿಯದೆ ಅದರಿಂದ ಆದಿಯನ್ನು ಹೇಳುವುದು ಶಕ್ಯವಿಲ್ಲ. ಸೇವುಣ ಯಾದವರ ಶಾಸನಗಳು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ದೊರೆಯುತ್ತವೆ. ಆ ಕಾಲದ ಗಡಿಯು ಇಂದಿನ ಭೂಪಟದ ಗೆರೆಯಲ್ಲ.

ಈ ತೀರ್ಮಾನದಿಂದ ಕೆಲವರಿಗೆ ನಿರಾಶೆಯಾದೀತು. ಆದರೆ ಪುಣೆಯಂಥ ಊರಿನಲ್ಲಿ ನೆರೆಯ ಮರಾಠಿ ವಿದ್ವಾಂಸರೊಡನೆ ನಿತ್ಯ ಬಾಳುವ ಕನ್ನಡಿಗರು ಸಾಲದ ಆಧಾರದ ಮೇಲೆ ಹಕ್ಕು ಸಾಧಿಸಹೊರಟರೆ, ಸಾಕಷ್ಟು ಆಧಾರವಿರುವ ಮಾತಿಗೂ ಬೆಲೆ ಇಲ್ಲದಂತಾಗುತ್ತದೆ. ಮಾನ್ಯಖೇಟದ ಅರಸನ ಕಾಲದಲ್ಲಿ ಶ್ರೇಢಿಯು ಮೂಲಪರಿಕರ್ಮಗಳ ಪಂಕ್ತಿಗೆ ಸೇರಿತು, ಬೆರೆಸಿದ ದತ್ತವನ್ನು ಬೇರ್ಪಡಿಸುವ ವಿಚಾರ ಬೆಳೆಯಿತು, ರಾಜಾದಿತ್ಯನ ಕಾಲದಲ್ಲಿ ಗಣಿತವು ಕನ್ನಡ ಮಾತನಾಡಿತು. ಈ ಮೂರಕ್ಕೂ ಆಧಾರಗಳು ಪರ್ಯಾಪ್ತವಾಗಿವೆ.

ವಿಮಾನ ನಗರದ ಮನೆಯಲ್ಲಿ ಮಗಳು ಇಂಗ್ಲಿಷಿನ ಪ್ರಶ್ನೆಪತ್ರಿಕೆಯನ್ನು ಬಿಡಿಸುತ್ತಿರುವಾಗ, ಪಕ್ಕದಲ್ಲಿ ಕುಳಿತ ತಂದೆ ತಾಯಿಗಳು ‘ಆದಿ ಗೊತ್ತೇ? ಚಯ ಗೊತ್ತೇ? ಗಚ್ಛವೆಷ್ಟು?’ ಎಂದು ಕನ್ನಡದಲ್ಲಿ ಕೇಳಬಲ್ಲರು. ಆಕೆಯ ಉತ್ತರ ಅದರಿಂದ ಬೇಗ ಬರುವುದೆಂದು ಹೇಳಲಾಗದು. ಆದರೆ ‘ಇಷ್ಟು ಸಾಕೇ?’ ಎಂದು ತಡೆದು ಕೇಳುವ ಅಭ್ಯಾಸವು ಮಳಖೇಡದ ಕಾಲದಿಂದಲೂ ತನ್ನ ನಾಡಿನಲ್ಲಿ ಇದ್ದುದೇ ಎಂದು ಆಕೆ ತಿಳಿದರೆ, ಅಷ್ಟು ಸಾಕು.